ಕಂಡಕ್ಟರ್ ಕಾಕಾನ ಡಬ್ಬಿ, ಒಂದು ಲಖಿ ಐದ್ರುಪಾಯಿ, ಮತ್ತ ಮೂರೂವರೆ ಲಕ್ಷದ ಫೋನು

ಹೋದ ದೀಪಾವಳಿ ಮುಗದು ಒಂದು ವಾರ ಆಗಿರಬೇಕು, ಮಧ್ಯಾಹ್ನ ಊಟಕ್ಕ ಕುಂತಾಗ ಗದಗಿಂದ ಕಾಕಾ ಫೋನ್ ಮಾಡಿದ್ರು. "ತಮ್ಮಾ, ನೀ ಆ ಮಿಸ್ಟೇಕ್ ಇರೋ ರೊಕ್ಕ ಕೂಡಿಸ್ತೀಯಲ್ಲ, ಒಂದ ಐದ್ರುಪಾಯಿಗೆ ಮೂರೂವರೆ ಲಕ್ಷ ಕೊಡ್ತೀನಂತಾರ, ಅಷ್ಟಕ್ಕ ಕೊಡ್ಲೋ ಇನ್ನೂ ಜಗ್ಗಲೋ?" ನಾ ತುತ್ತು ಕೈಯಾಗ ಹಿಡ್ಕೊಂಡ ಕುಂತೆ. ಕಾಕಾ ಅಂದ್ರ ಸ್ವಂತ ಕಾಕಾ ಅಲ್ಲ, ಅಪ್ಪನ ದೋಸ್ತ. ಹುಬ್ಬಳ್ಳಿ ದುರ್ಗದ ಬೈಲಿನ ಹತ್ರ ಅಪ್ಪನ ವಾಚ್ ರಿಪೇರಿ ಅಂಗಡಿ ಇದ್ದಾಗ ದಿನಾ ಡ್ಯೂಟಿ ಮುಗಿಸಿ ಅಲ್ಲೇ ಬಂದು ಚಾ ಕುಡೀತಿದ್ರು, ಗದಗ-ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಈಗ ರಿಟೈರ್ ಆಗಿ ಬೆಟಗೇರ್ಯಾಗ ಅದಾರ.

ನಾ ಕೇಳಿದ್ದು ಒಂದ ಮಾತು. "ಕಾಕಾ, ನೀವೇನರ ರೊಕ್ಕ ಹಾಕೀರೇನು ಅವರಿಗೆ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲ, "ರಿಜಿಸ್ಟ್ರೇಶನ್ ಅಂತ 1,999 ಹಾಕೀನಿ, ಈಗ ಜಿಎಸ್‌ಟಿ 12,500 ಹಾಕ್ರಿ, ನಾಳೆ ಮನಿಗೆ ಆಫೀಸರ್ ಬರ್ತಾರ ಅನ್ನಾಕತ್ತಾರ."

ಇದು ನನ್ನ ಹತ್ರ ಬಂದ ಮೊದಲನೇ ಕೇಸ್ ಅಲ್ಲ, ಆದ್ರ ಇದನ್ನ ಪೂರ್ತಿ ಬರೀಬೇಕು ಅನಿಸಿದ್ದು ಯಾಕಂದ್ರ ಇದರಾಗ ಎಲ್ಲಾ ಥರದ ಮಾಲು ಒಂದ ಡಬ್ಬ್ಯಾಗ ಇತ್ತು. ಖರೆ ಎರರ್ (ಟಂಕಸಾಲ್ಯಾಗನ ತಪ್ಪಿ ತಯಾರಾದದ್ದು), ಸುಳ್ಳ ಎರರ್, ಎರರ್ ಅಲ್ಲದ್ದು, ಎರರ್ ಆದ್ರೂ ರೇಟ್ ಇಲ್ಲದ್ದು, ಮತ್ತ ಒಂದು ನಿಜವಾಗ್ಲೂ ಛಲೋ ಕಾಯಿನ್, ಅದನ್ನ ಪಾಪ ಮನೀಯವರ ಪ್ರೀತಿಯಿಂದ ಅರ್ಧ ಹಾಳ ಮಾಡಿದ್ರು.

ರವಿವಾರ ಬೆಳಿಗ್ಗೆ ಹೋದೆ. ಸಾಮಾನು ಏನಂದ್ರ ಅಪ್ಪನ ಹಳೇ ಐ-ಗ್ಲಾಸ್ (10 ಪಟ್ಟು ದೊಡ್ಡದು ತೋರಸ್ತೈತಿ, ಅಂಗಡಿ ಮುಚ್ಚಿದ ಮ್ಯಾಲ ನಂಗ ಉಳದ ಆಸ್ತಿ ಅದ), ಒಂದು ಪಾಕೀಟ್ ತಕ್ಕಡಿ, 0.01 ಗ್ರಾಂ ತನಕ ತೋರಸೋದು, ಅಗಲ ಅಳಿಯಾಕ ಒಂದು ವರ್ನಿಯರ್, ಒಂದು ಸಣ್ಣ ಅಯಸ್ಕಾಂತ. ಇಷ್ಟ ಸಾಕು. ಇವುಗಳ ಜೊತಿ ನನ್ನ ಹತ್ರ ಇರೋ ಒಂದು ಸುಳ್ಳ ಕಾಯಿನ್ನೂ ಕಿಸೇದಾಗ ಹಾಕ್ಕೊಂಡಿದ್ದೆ, ಅದರ ಕಥಿ ಮುಂದ ಹೇಳ್ತೀನಿ.

ಕಾಕಾ ಚಾಪಿ ಮ್ಯಾಲ ಎಲ್ಲಾ ಹಾಸಿಟ್ಟಿದ್ರು, ಒಟ್ಟ 63 ನಾಣ್ಯ, ಅದೂ ಅವರ ಅಂದಾಜಿನ ರೇಟಿನ ಪ್ರಕಾರ ಸಾಲು ಮಾಡಿ, ಎಡಕ್ಕ ಲಕ್ಷದವು, ಬಲಕ್ಕ ಸಾವಿರದವು. ಇಷ್ಟು ವರ್ಷ ಬಸ್ಸಿನ್ಯಾಗ ಚಿಲ್ರಿ ಎಣಿಸಿದ ಬೆರಳು ನೋಡ್ರಿ, ಕಣ್ಣಿಗಿಂತ ಮೊದಲ ಬೆರಳಿಗೆ ಗೊತ್ತಾಗ್ತಿತ್ತಂತ, ಏನರ ಬ್ಯಾರೆ ಅನಿಸಿದ್ರ ಬ್ಯಾಗಿಗೆ ತಮ್ಮ ಕಿಸೇದಿಂದ ಅಷ್ಟ ರೊಕ್ಕ ಹಾಕಿ ಲೆಕ್ಕ ಸರಿ ಮಾಡಿ ಆ ನಾಣ್ಯ ತಾವು ಇಟ್ಕೊತಿದ್ರು. ಆಗ ರೇಟಿನ ವಿಚಾರಾನ ಇರಲಿಲ್ಲ ಅವರಿಗೆ. ಮಜಾ ಅನಿಸಿ ಇಟ್ಟಿದ್ದು. ರೇಟಿನ ವಿಚಾರ ತಲ್ಯಾಗ ತುಂಬಿದ್ದು ಮೊಮ್ಮಗ ಫೋನಿನ್ಯಾಗ ತೋರಿಸಿದ ವಿಡಿಯೋಗಳು.

ಎಡಗಡೆ ತುದೀಗೆ, ಅಂದ್ರ ಲಕ್ಷದ ಸಾಲಿನ ಮೊದಲನೇ ಸ್ಥಾನದಾಗ, ವೈಷ್ಣೋದೇವಿ ಚಿತ್ರ ಇರೋ ಐದು ಮತ್ತ ಹತ್ತರ ನಾಣ್ಯ ಇದ್ವು. 2012ರಾಗ ಆ ದೇವಸ್ಥಾನದ ಮಂಡಳಿಗೆ 25 ವರ್ಷ ಆತು ಅಂತ ಬಿಟ್ಟಿದ್ದು, ಚಲಾವಣಿಗೆ ಅಂತನ ಬಿಟ್ಟ ನಾಣ್ಯ, ಅದರಾಗ ಎರರ್ರೂ ಇಲ್ಲ ಏನೂ ಇಲ್ಲ. ಐದಕ್ಕ ಐದು, ಹತ್ತಕ್ಕ ಹತ್ತು. ಇದನ್ನ ಹೇಳಿದ ಕೂಡ್ಲೇ ಕಾಕಾನ ಮುಖ ಸಣ್ಣದಾತು, ಆದ್ರ ಕಾಕು ಒಳಗಿಂದ, "ನಾ ಅವತ್ತ ಹೇಳಿದ್ನಿಲ್ಲ, ಇಂಥಾವು ಹೂವಿನ ಅಂಗಡ್ಯಾಗ ಚಿಲ್ರಿ ಕೊಡ್ತಾರಂತ" ಅಂದ್ರು.

ಮುಂದ ಹೋಗೋ ಮೊದಲು ನಾ ಕಾಕಾಗ ಹೇಳಿದ್ದು ಇಲ್ಲೂ ಹೇಳಿಬಿಡ್ತೀನಿ, ಯಾಕಂದ್ರ ಇಡೀ ಕೇಸು ಇದರ ಮ್ಯಾಲ ನಿಂತೈತಿ. ನಾಣ್ಯ ವಿಚಿತ್ರ ಐತೋ ಇಲ್ಲೋ ಅನ್ನೋದು ಪ್ರಶ್ನೆ ಅಲ್ಲ, ಅದು ಟಂಕಸಾಲಿ ಒಳಗ ಕೆಟ್ಟಿದ್ದೋ ಹೊರಗ ಬಂದ ಮ್ಯಾಲ ಕೆಟ್ಟಿದ್ದೋ ಅನ್ನೋದ ಪ್ರಶ್ನೆ. ಹೊರಗ ಕೆಟ್ಟದ್ದಕ್ಕ ಮುಖಬೆಲೆ ಬಿಟ್ರ ಏನೂ ಇಲ್ಲ, ಎಷ್ಟ ಚಂದ ಕೆಟ್ಟಿರ್ಲಿ. ಇದನ್ನ ತಿಳ್ಕೊಳ್ಳಾಕ ನಾಣ್ಯ ಹೆಂಗ ಹುಟ್ಟತೈತಿ ಅನ್ನೋದು ಗೊತ್ತಿರಬೇಕು. ತಗಡಿನ ಪಟ್ಟಿಯಿಂದ ದುಂಡನ ಬಿಲ್ಲಿ ಕತ್ತರಿಸ್ತಾರ (ಸ್ಟೀಲಿನ ನಾಣ್ಯದ ಬಿಲ್ಲಿ ಸೇಲಂನ ಸ್ಟೀಲ್ ಕಾರ್ಖಾನ್ಯಾಗೂ ತಯಾರಾಗ್ಯಾವ), ಕಾಸಿ ಮೆತ್ತಗ ಮಾಡ್ತಾರ, ಅಂಚನ್ನ ಉರುಳಿಸಿ ಎಬ್ಬಿಸ್ತಾರ, ಆಮ್ಯಾಲ ಪ್ರೆಸ್ಸಿನ್ಯಾಗ ಕೆಳಗೊಂದು ಡೈ (ಚಿತ್ರ ಕೆತ್ತಿದ ಅಚ್ಚು), ಮ್ಯಾಲೊಂದು ಡೈ, ಸುತ್ತ ಬಿಲ್ಲಿ ಹಿಡಿಯೋ ಬಳಿಯಂಥಾ ಒಂದು ಕಾಲರ್, ಒಂದ ಏಟಿಗೆ ಎರಡೂ ಕಡೆ ಮತ್ತ ಅಂಚು ಮೂಡಿ ಬರ್ತೈತಿ. ಈ ಪ್ರತಿ ಹೆಜ್ಜ್ಯಾಗ ಏನ ತಪ್ಪಬಹುದು ಅನ್ನೋದಕ್ಕ ಒಂದು ಮಿತಿ ಐತಿ. ಕೈಯಾಗಿರೋ ನಾಣ್ಯ ನೋಡಿ, ಆ ಯಂತ್ರ ಇದನ್ನ ಹೆಂಗ ಮಾಡಿರಬಹುದು ಅಂತ ಹಿಂದಕ್ಕ ಹೋಗಿ ಕಥಿ ಕಟ್ಟಾಕ ಬಂದ್ರ ಅದು ಎರರ್. ಕಥಿ ಕಟ್ಟಾಕ ಬರಲಿಲ್ಲಂದ್ರ ಯಾವನೋ ಸುತ್ತಿಗಿ ಹಿಡದಾನ ಅಂತ ಅರ್ಥ.

ಉದಾಹರಣೆಗೆ ಕಾಕಾನ ಎರಡನೇ "ಲಕ್ಷದ" ನಾಣ್ಯ. ಹತ್ತರ ನಾಣ್ಯ, ನಡುವಿನ ಬಿಳಿ ಬಿಲ್ಲಿ ತಿರುಗಿತ್ತು. ಅಂದ್ರ ಹೊರಗಿನ ಹಳದಿ ಬಳೀಯೊಳಗಿನ ಅಕ್ಷರ ನೆಟ್ಟಗ ಹಿಡದ್ರ ನಡುವಿನ ಸಿಂಹ ಒಂದು ಕಡೆ ವಾಲಿ ನಿಂತಿತ್ತು. ನೋಡಾಕ ಭಾರೀ ಐತಿ, ಒಪ್ಪತೀನಿ. ಆದ್ರ ಬಳಿ ಮತ್ತ ಬಿಲ್ಲಿ ಎರಡನ್ನೂ ಜೋಡಿಸಿ ಇಟ್ಟು ಒಂದ ಡೈಯಿಂದ ಒಂದ ಏಟ ಹೊಡೀತಾರ, ಸಿಂಹಾನೂ ಅಕ್ಷರಾನೂ ಒಂದ ಡೈಯಾಗ ಇರ್ತಾವ, ಅಂದಮ್ಯಾಲ ಟಂಕಸಾಲ್ಯಾಗ ಅವು ಒಂದಕ್ಕೊಂದು ತಿರುಗಾಕ ಸಾಧ್ಯನ ಇಲ್ಲ. ಬಿಲ್ಲಿ ಬಾಜೂಕ ಸರದಿರಬಹುದು, ಆಗ ಚಿತ್ರ ಜೋಡಿನ ಗೆರಿ ದಾಟಿ ಮುರೀದಂಗ ಹರೀತೈತಿ, ಅದು ಖರೆ ಎರರ್, ಅದಕ್ಕ ಬೆಲಿ ಐತಿ. ತಿರುಗಿದ್ದು ಅಂದ್ರ ಯಾರೋ ನಡುವಿನ ಬಿಲ್ಲಿ ಹೊಡದು ಉದುರಿಸಿ ವಾಪಸ್ ತುರುಕ್ಯಾರ. ಕಿವಿ ಹತ್ರ ಹಿಡದು ಅಲ್ಲಾಡಿಸಿದೆ, ಟಿಕ್ ಟಿಕ್ ಅಂತು. ಕಾಕಾ ಕೈಗೆ ತಗೊಂಡು ತಾವೂ ಅಲ್ಲಾಡಿಸಿ ನೋಡಿದ್ರು, ಮತ್ತ ಏನೂ ಅನ್ಲಿಲ್ಲ, ಬಲಗಡೆ ಕೊನೀಗೆ ಸರಿಸಿ ಇಟ್ರು.

ಸಣ್ಣ ಪುಟ್ಟಾವು ಲಗೂ ಮುಗಿಸ್ತೀನಿ. ಅಕ್ಷರ ಅಳಿಸಿ ಹೋದ ಒಂದು ರೂಪಾಯಿ ನಾಕು ಇದ್ವು, ಡೈಯಾಗಿನ ಅಕ್ಷರದ ಸಂದ್ಯಾಗ ಎಣ್ಣಿ-ಜಿಡ್ಡು ತುಂಬಿದ್ರ ಹಂಗ ಆಗ್ತೈತಿ, ಖರೆ ಎರರ್ರ ಆದ್ರ ಮಂದಿ 20-30 ರೂಪಾಯಿ ಮ್ಯಾಲ ಕೊಡೋದಿಲ್ಲ. ಸ್ಟೀಲಿನ ಎರಡು ರೂಪಾಯಿ ಮ್ಯಾಲ ಅಂಚಿನಿಂದ ಒಂದು ಉಬ್ಬಿದ ಗೆರಿ, ಅದು ಡೈ ಸೀಳಿದ್ದು, ಸ್ಟೀಲು ಗಟ್ಟಿ ಲೋಹ, ಡೈ ಲಗೂನ ಸೀಳ್ತಾವ, ಹುಡುಕಿದ್ರ ಕಿರಾಣಿ ಅಂಗಡಿ ಗಲ್ಲಾಪೆಟ್ಟಿಗ್ಯಾಗ ಸಿಗ್ತಾವ. ಇನ್ನ "ಡಬಲ್ ಅಕ್ಷರ" ಅಂತ ಕಾಕಾ ಪ್ರತ್ಯೇಕ ಕಟ್ಟಿಟ್ಟಿದ್ದ 11 ನಾಣ್ಯ ಪೂರ್ತಿ ಹೋದ್ವು. ಡೈ ಅಲುಗಾಡಿ ಹೊಡದಾಗ ಅಕ್ಷರದ ಬಾಜೂಕ ಚಪ್ಪಟಿ ಮೆಟ್ಟಲಾ ಥರ ಕಾಣ್ತೈತಿ, ಅಕ್ಷರ ತೆಳ್ಳಗ ಆಗಿರ್ತೈತಿ, ಇದಕ್ಕ ರೇಟ್ ಇಲ್ಲ. ಡೈ ತಯಾರ ಮಾಡುವಾಗ್ಲೇ ಎರಡ ಸಲ ಮೂಡಿದ್ರ ಅಕ್ಷರ ದಪ್ಪ ಆಗಿ, ಮೂಲಿ ಸೀಳಿ, ಎರಡೂ ದುಂಡಗ ಎತ್ತರ ಇರ್ತಾವ, ಅದು ಬ್ಯಾರೆ ಜಾತಿ, ಅದು ಕಾಕಾನ ಡಬ್ಬ್ಯಾಗ ಒಂದೂ ಇರಲಿಲ್ಲ.

ಒಂದು ಬೈಟ್ ಕಾಯಿನ್ ಇತ್ತು, ಹಲ್ಲಿಲೇ ಕಚ್ಚಿದಂಗ. 1990ರ ದಶಕದ ಸ್ಟೀಲಿನ ಒಂದು ರೂಪಾಯಿ. ಸರಿ ಇದ್ದದ್ದು 4.85 ಗ್ರಾಂ ಇರಬೇಕು, ಇದು 4.52 ಬಂತು. ಕತ್ತರಿಸೋ ಪಂಚು ಮೊದಲಿನ ತೂತಿನ ಮ್ಯಾಲ ಸ್ವಲ್ಪ ಹತ್ತಿ ಕುಂತ್ರ ಹಿಂಗ ಕಚ್ಚಿದ ಬಿಲ್ಲಿ ಬರ್ತೈತಿ. ಆದ್ರ ತೂಕ ಕಡಿಮಿ ಅಂದ ಕೂಡ್ಲೇ ನಂಬಬಾರದು, ಕಾನಸ ಹಿಡದು ಉಜ್ಜಿದ್ರೂ ತೂಕ ಕಡಿಮೀನ ಆಗ್ತೈತಿ. ನಾ ನೋಡೋದು ಕಚ್ಚಿದ ಜಾಗಾ ಅಲ್ಲ, ಅದರ ನೇರ ಎದುರಿನ ಅಂಚು. ಬಿಲ್ಲಿ ಅಂಚನ್ನ ಉರುಳಿಸಿ ಎಬ್ಬಿಸುವಾಗ ಒಂದು ಕಡೆ ಲೋಹ ಇಲ್ಲಂದ್ರ ಎದುರು ಕಡೆ ಒತ್ತಡ ಬೀಳೋದಿಲ್ಲ, ಹಂಗಾಗಿ ಅಲ್ಲಿ ಅಂಚು ಸಪ್ಪಗ ಉಳೀತೈತಿ. ಇದನ್ನ ಕಾನಸದಿಂದ ಮಾಡಾಕ ಬರೋದಿಲ್ಲ, ಮಾಡೋರಿಗೆ ಬಹುತೇಕ ಗೊತ್ತೂ ಇರೋದಿಲ್ಲ. ಕಾಕಾನ ಕಾಯಿನ್ ಈ ಪರೀಕ್ಷ್ಯಾಗ ಪಾಸ್ ಆತು. 150 ರೂಪಾಯಿ ಅಂದೆ. "ನೂರಾ ಐವತ್ತು ಸಾವಿರಾ?" ಅಂದ್ರು. ಅಲ್ಲ ಕಾಕಾ, ನೂರಾ ಐವತ್ತು ರೂಪಾಯಿ.

ಈಗ ಆ ಮೂರೂವರೆ ಲಕ್ಷದ ಐದ್ರುಪಾಯಿ.

ಹಳೇ ದಪ್ಪ ಐದ್ರುಪಾಯಿ ನೆನಪಿರಬೇಕು ನಿಮಗ, 1992ರಿಂದ ಬಂದದ್ದು, ತಾಮ್ರ-ನಿಕ್ಕೆಲ್ಲಿಂದು, 9 ಗ್ರಾಂ ತೂಕ, 23 ಮಿಲಿಮೀಟರ್, ಅಂಚಿನ ನಡುವ ಒಂದು ಗೀರು ಇರೋದು. ಬ್ಲೇಡ್ ಮಾಡಾಕ ಗಡಿ ದಾಟಿಸ್ತಾರ ಅಂತ ಪೇಪರ್‌ನಾಗೆಲ್ಲಾ ಬರ್ತಿತ್ತಲ್ಲ, ಅದ. ಕಾಕಾನ ಹತ್ರ ಇರೋದರ ಒಂದು ಕಡೆ ಎಲ್ಲಾ ಸರಿ ಐತಿ, ದೊಡ್ಡ 5, ಆಜೂ ಬಾಜೂ ಹೂವು, ಕೆಳಗ 2001, ವರ್ಷದ ಕೆಳಗ ಏನೂ ಗುರುತಿಲ್ಲ. ಚುಕ್ಕಿ ಇದ್ರ ನೋಯ್ಡಾ, ನಕ್ಷತ್ರ ಇದ್ರ ಹೈದರಾಬಾದ್, ವಜ್ರದ ಆಕಾರ ಇದ್ರ ಮುಂಬೈ, ಏನೂ ಇಲ್ಲಂದ್ರ ಕೋಲ್ಕತ್ತಾ. ತಿರುವಿ ನೋಡಿದ್ರ ಸಿಂಹ ಇರಬೇಕಾದ ಕಡೆ ಸಿಂಹಾನ ಇಲ್ಲ. ಅಲ್ಲೂ 5, ಆದ್ರ ಉಲ್ಟಾ, ಕನ್ನಡ್ಯಾಗ ಕಂಡಂಗ, ಮತ್ತ ಉಬ್ಬಿಲ್ಲ, ತಗ್ಗು. ಇದಕ್ಕ ನಮ್ಮ ದೇಶದ ಕಲೆಕ್ಟರ್ ಮಂದಿ ಲಖಿ ಅಂತಾರ, ಇಂಗ್ಲಿಷ್‌ನಾಗ ಬ್ರೋಕೇಜ್. ಆ ಫೋನಿನವ ಇದ ಹೆಸರು ಹಿಡದು, "ಸರ್ ಲಖಿ ಅಂದ್ರ ಲಕ್ಷ ಕೊಡೋ ಕಾಯಿನ್" ಅಂತ ಹೇಳಿದ್ನಂತ. ಹೆಸರು ಹಂಗೈತಿ, ಕಾಕಾ ನಂಬಿದ್ರಾಗ ಆಶ್ಚರ್ಯ ಏನಿಲ್ಲ.

ಇದು ಹೆಂಗ ಆಗ್ತೈತಿ ಅಂತ ಕಾಕಾಗ ಬಾಯ್ಲೆ ಹೇಳಿದ್ರ ತಿಳೀಲಿಲ್ಲ. ಕಾಕು ಒಳಗ ಚಪಾತಿ ಹಿಟ್ಟು ನಾದಾಕತ್ತಿದ್ರು, ಒಂದು ಉಂಡಿ ಇಸ್ಕೊಂಡು ಬಂದು ಒಂದು ಸಾದಾ ಐದ್ರುಪಾಯಿ ಅದಕ್ಕ ಒತ್ತಿ ತೆಗದೆ. ಹಿಟ್ಟಿನ್ಯಾಗ ತಗ್ಗಾಗಿ ಉಲ್ಟಾ 5 ಮೂಡ್ತು. ಅಷ್ಟ. ಪ್ರೆಸ್ಸಿನ್ಯಾಗ ಒಂದು ನಾಣ್ಯ ಹೊಡದ ಮ್ಯಾಲ ಅದು ಕೆಳಗ ಬೀಳ್ದ ಸಿಂಹದ ಡೈಗೆ ಅಂಟಿ ಕುಂತ್ತು ಅಂತ ತಿಳ್ಕೋರಿ. ಮುಂದಿನ ಬಿಲ್ಲಿ ಬಂತು, ಕೆಳಗಿನ 5ರ ಡೈ ಅದಕ್ಕ ಸರಿಯಾಗಿ 5 ಹೊಡೀತು, ಮ್ಯಾಲಿಂದ ಸಿಂಹದ ಡೈ ಮುಟ್ಟಾಕ ಆಗಲಿಲ್ಲ, ನಡುವ ಅಂಟಿದ ನಾಣ್ಯ ಐತೆಲ್ಲ, ಅದರ ಉಬ್ಬಿದ 5 ಈ ಬಿಲ್ಲಿಗೆ ಒತ್ತಿ ತಗ್ಗು 5 ಆತು. ಅಂಟಿದ ನಾಣ್ಯ ಅಲ್ಲೇ ಉಳದು ಇನ್ನೂ ಏಟು ಬಿದ್ದಂಗ ಅದು ಹರಡಿ ಹರಡಿ, ಮುಂದಿನವುಗಳ ಮ್ಯಾಲ ಬೀಳೋ ಉಲ್ಟಾ ಚಿತ್ರ ದೊಡ್ಡದಾಗಿ ಮಸುಕಾಗ್ತಾ ಹೋಗ್ತೈತಿ. ಅದಕ್ಕ ಮೊದಲನೇ ಏಟಿಂದು, ಚಿತ್ರ ಅಳತಿ ಸರಿಯಾಗಿ ಚೂಪ್ ಇರೋದಕ್ಕ ಬೆಲಿ ಜಾಸ್ತಿ. ಕಾಕಾಂದು ಚೂಪ್ ಇತ್ತು. ಮತ್ತ ಇನ್ನೊಂದು ಛಲೋ ಸಂಗತಿ, 5ರ ಕಡೆ ಎರಡೂ ಬಂದದ್ದಕ್ಕ ವರ್ಷ ಕಾಣ್ತೈತಿ. ಸಿಂಹದ ಲಖಿ ಆಗಿದ್ರ ಎರಡೂ ಕಡೆ ಸಿಂಹ, ವರ್ಷಾನೂ ಇಲ್ಲ ಟಂಕಸಾಲಿ ಗುರುತೂ ಇಲ್ಲ, ಹುಟ್ಟಿದ ಊರು ದಿನ ಗೊತ್ತಿಲ್ಲದ ಕೂಸಿನಂಗ. ನಂಗ ವರ್ಷ ಇರೋ ಲಖೀನ ಸೇರ್ತೈತಿ.

ಆದ್ರ ಖರೆ ಹೌದೋ? ಇಲ್ಲಿ ನನ್ನ ಕಿಸೇದಾಗಿನ ಸುಳ್ಳ ಕಾಯಿನ್ ಹೊರಗ ತೆಗದೆ. ಕಲೆಕ್ಷನ್ ಶುರು ಮಾಡಿದ ಹೊಸದಾಗಿ ಒಂದು ಪ್ರದರ್ಶನದ ಸ್ಟಾಲಿನ್ಯಾಗ 1,800 ಕೊಟ್ಟು ತಗೊಂಡದ್ದು, ಇದ ಥರ ಐದ್ರುಪಾಯಿ ಲಖಿ, ತಂದು ಒಂದು ತಿಂಗಳು ಎಲ್ಲರಿಗೂ ತೋರಿಸ್ಕೋತ ತಿರಗಾಡೀನಿ. ಆಮ್ಯಾಲ ಒಬ್ರು ಹಿರಿಯರು ಒಂದ ನಿಮಿಷದಾಗ ನಿಕಾಲಿ ಮಾಡಿದ್ರು. ಅದು ವೈಸ್ ಹಚ್ಚಿ ಒತ್ತಿದ್ದು, ಅಂದ್ರ ಎರಡು ಸಾದಾ ನಾಣ್ಯ ತಗೊಂಡು ಒಂದರ ಸಿಂಹಕ್ಕ ಇನ್ನೊಂದರ 5 ಹಚ್ಚಿ ಇಟ್ಟು ವರ್ಕ್‌ಶಾಪಿನ ವೈಸಿನ್ಯಾಗ ಬಿಗಿದದ್ದು. ಎರಡೂ ನಾಣ್ಯ ಬಾಜೂಕ ಇಟ್ಟು ಕಾಕಾಗ ಐ-ಗ್ಲಾಸ್ ಕೊಟ್ಟೆ. ನನ್ನದರಾಗ ತಗ್ಗು 5ರ ಸುತ್ತ ಸಿಂಹದ ಕೇಸರ, ಕಾಲು, ಅಕ್ಷರದ ಚೂರು ಚಪ್ಪಟಿ ಆಗಿ ಇನ್ನೂ ಕಾಣ್ತಾವ, ಯಾಕಂದ್ರ ಮೊದಲ ಅಲ್ಲಿ ಸಿಂಹ ಇತ್ತು, ಅದರ ಮ್ಯಾಲ 5 ಒತ್ಯಾರ. ಕಾಕಾಂದರಾಗ ಸಿಂಹದ ಒಂದು ಕೂದಲೂ ಇಲ್ಲ, ಇರಾಕ ಬರೋದಿಲ್ಲ, ಸಿಂಹದ ಡೈ ಆ ಬಿಲ್ಲಿಗೆ ಮುಟ್ಟೇ ಇಲ್ಲ. ನನ್ನದರ ಹಿಂದಿನ ಕಡೆ ಉಬ್ಬಿದ 5ರ ತಲಿ ವೈಸಿನ ದವಡಿಗೆ ಸಿಕ್ಕು ಸವದು ಹೊಳೀತೈತಿ, ಕಾಕಾಂದರ 5 ಪೂರ್ತಿ ಎತ್ತರ ಐತಿ. ಶಾಣ್ಯಾರಾದ್ರ ಮೊದಲ ಸಿಂಹಾನ ಕಾನಸದಿಂದ ಉಜ್ಜಿ ತೆಗದು ಆಮ್ಯಾಲ ಒತ್ತತಾರ, ಹಂಗ ಮಾಡಿದ್ರ ತೂಕದಾಗ ಸಿಗ್ತಾರ. ಕಾಕಾಂದು 8.97 ಗ್ರಾಂ. ಅಂಚಿನ ಗೀರು ಸುತ್ತಲೂ ಸರಿ ಐತಿ, ವರ್ನಿಯರ್ ಎಲ್ಲಾ ಕಡೆ 23ರ ಹತ್ರಾನ ತೋರಸ್ತು, ವೈಸಿನ್ಯಾಗ ಒತ್ತಿದ್ದಾದ್ರ ಹೊಟ್ಟಿ ಬಂದಿರ್ತೈತಿ. ಅಯಸ್ಕಾಂತ ಹಿಡೀಲಿಲ್ಲ, ತಾಮ್ರ-ನಿಕ್ಕೆಲ್ ಹಿಡೀಬಾರದು. ನಾಣ್ಯ ಖರೆ. ಕಾಕಾ ಮೊದಲನೇ ಸಲ ಬೆಳಿಗ್ಗಿಂದ ನಕ್ಕರು.

ಆ ನಗೀ ಮ್ಯಾಲ ನೀರು ಹಾಕೋ ಕೆಲಸ ನಂದ ಬಂತು. ಐ-ಗ್ಲಾಸಿನ್ಯಾಗ ಬೆಳಕಿಗೆ ವಾಲಿಸಿ ನೋಡಿದ್ರ ನಾಣ್ಯದ ತುಂಬ ಕೂದಲೆಳಿಯಂಥಾ ಗೀರು, ಎಲ್ಲಾ ದುಂಡದುಂಡಗ, ಟೂಥ್ ಬ್ರಷ್ ಹಿಡದು ತಿರುವಿದ ಗೀರು. ಟಂಕಸಾಲಿ ಹೊಳಪು ಅನ್ನೋದು ಬ್ಯಾರೆನ ಇರ್ತೈತಿ, ನಾಣ್ಯ ವಾಲಿಸಿದಂಗ ಬೆಳಕು ಗಾಲಿ ಕಡ್ಡಿ ತಿರುಗಿದಂಗ ತಿರುಗ್ತೈತಿ, ಇದು ಬರೇ ತಿಕ್ಕಿದ ಹಿತ್ತಾಳಿ ತಂಬಿಗಿ ಹೊಳದಂಗ ಸಪಾಟ ಹೊಳೀತಿತ್ತು. ತಗ್ಗು 5ರ ಮೂಲ್ಯಾಗ ಏನೋ ಕೆಂಪು ಕುಂತಿತ್ತು. ತುಕ್ಕು ಅನ್ಕೊಂಡೆ ಮೊದಲು. ತಾಮ್ರ-ನಿಕ್ಕೆಲ್‌ಗೆ ಈ ಥರ ಕೆಂಪು ಎಲ್ಲಿಂದ ಬರ್ಬೇಕು?

"ಅದು ಕುಂಕುಮ" ಅಂದ್ರು ಕಾಕು.

ಹಕೀಕತ್ತು ಏನಂದ್ರ ಪ್ರತಿ ವರ್ಷ ದೀಪಾವಳಿ ಅಮಾಸಿ ದಿನ ಈ ಡಬ್ಬಿ ಲಕ್ಷ್ಮೀ ಪೂಜಿಗೆ ಇಡ್ತಾರ. ಲಕ್ಷ್ಮಿ ಮುಂದ ಮಾಸಿದ ರೊಕ್ಕ ಇಡಬಾರದು ಅಂತ ಹಿಂದಿನ ದಿನ ಹುಣಸಿಹಣ್ಣು, ಬೂದಿ ಹಚ್ಚಿ ಬ್ರಷ್‌ಲೇ ತಿಕ್ಕಿ ತೊಳದು ಒರಸಿ, ಕುಂಕುಮ ಹಚ್ಚಿ. ಎಷ್ಟ ವರ್ಷದಿಂದ ಅಂದ್ರ ಅವರಿಗೇ ಲೆಕ್ಕ ಇಲ್ಲ. ಈ ನಾಣ್ಯ ವಿಶೇಷ ಅಂತ ಗೊತ್ತಿದ್ದಕ್ಕ ಇದಕ್ಕ ಎರಡು ಕೈ ಜಾಸ್ತೀನ ತಿಕ್ಕ್ಯಾರ. ನಾ ಏನಂತ ಹೇಳ್ಲಿ. ತಪ್ಪು ಅನ್ನಾಕ ಬಾಯಿ ಬರಲಿಲ್ಲ, ಮನ್ಯಾಗ ರೊಕ್ಕ ಇಟ್ಕೊಂಡವರು ಇನ್ನೇನ ಮಾಡ್ಬೇಕು. ಆದ್ರ ಕಲೆಕ್ಟರ್ ಲೆಕ್ಕದಾಗ ತಿಕ್ಕಿದ ನಾಣ್ಯ ಅಂದ್ರ ರೇಟು ಬೀಳ್ತೈತಿ, ಅದನ್ನ ವಾಪಸ್ ತರಾಕ ಯಾವ ದಾರೀನೂ ಇಲ್ಲ, ಕಪ್ಪಾಗಿದ್ರ ಕಪ್ಪನ ಇರ್ಲಿ ಅಂತ ಬಿಡಬೇಕಿತ್ತು. "ಹೊಲಸ ಇದ್ರ ರೇಟು ಜಾಸ್ತಿ ಅಂದ್ರ ಇದ್ಯಾವ ಊರ ನ್ಯಾಯ" ಅಂದ್ರು ಕಾಕು, ಅದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ.

ರೇಟಿನ ವಿಚಾರಕ್ಕ ಬರೂಣು. ಕೇಳೋ ರೇಟು ಬ್ಯಾರೆ, ಕೈಗೆ ಬರೋ ರೇಟು ಬ್ಯಾರೆ. ಆನ್‌ಲೈನ್‌ನಾಗ ಯಾರು ಬೇಕಾದ್ರೂ ಒಂದು ರೂಪಾಯಿಗೆ ಒಂದು ಕೋಟಿ ಅಂತ ಹಾಕಬಹುದು, ಅದು ಮಾರಿದ್ದಲ್ಲ, ಬರೇ ಬರದದ್ದು. ನಾ ನೋಡೋದು ಹರಾಜಿನ್ಯಾಗ ಸುತ್ತಿಗಿ ಬಿದ್ದ ರೇಟು, ಇಲ್ಲಾ ನಮ್ಮ ಪೈಕಿ ಯಾರರ ಖುದ್ದ ಕೊಟ್ಟು ತಗೊಂಡ ರೇಟು. ಆಮ್ಯಾಲ ಕೇಳ್ಕೊಳ್ಳೋದು: ಐ-ಗ್ಲಾಸ್ ಇಲ್ದ ಬರಿಗಣ್ಣಿಗೆ ಎರರ್ ಕಾಣ್ತೈತೇನು? (ಲಖಿ ಕಾಣ್ತೈತಿ, ಹಂಗಾಗಿ ಅದಕ್ಕ ಗಿರಾಕಿ ಅದಾರ, ಡೈ ಗೆರಿಗೆ ಇಲ್ಲ.) ಪೂರ್ತಿ ಐತೋ ಅರ್ಧ ಐತೋ, ವರ್ಷ ಐತೋ, ಮುಟ್ಟಿದ್ದು ತಿಕ್ಕಿದ್ದು ಎಷ್ಟು. ಅಮೆರಿಕಾದ ಎನ್‌ಜಿಸಿ, ಪಿಸಿಜಿಎಸ್ ಅಂಥಾ ನಾಣ್ಯ ಪರೀಕ್ಷೆ ಮಾಡೋ ಕಂಪನಿಗೆ ಕಳಿಸಿ ಡಬ್ಬ್ಯಾಗ ಹಾಕಿಸಿ ಸರ್ಟಿಫಿಕೇಟ್ ಮಾಡಿಸ್ರಿ ಅಂತ ಕೆಲವರು ಹೇಳ್ತಾರ, ಈ ಮಟ್ಟದ ನಾಣ್ಯಕ್ಕ ಕಳಿಸೋ ಖರ್ಚ ನಾಣ್ಯದ ರೇಟಿಗಿಂತ ಜಾಸ್ತಿ ಆಗ್ತೈತಿ, ಮೂಗಿಗಿಂತ ಮೂಗುತಿ ಭಾರ.

ಮತ್ತ ಎರರ್ ಅಂದ್ರ ಎಲ್ಲಾ ಕಾಲಕ್ಕೂ ಎರರ್ ಅಲ್ಲ, ಇದನ್ನ ನಮ್ಮ ಕಡೇಯವರು ಯಾರೂ ಹೇಳೋದಿಲ್ಲ. ಬೆಟಗೇರಿಯಿಂದ ಲಕ್ಕುಂಡಿ ಏನ ದೂರ ಐತಿ, ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದಾಗ ಟಂಕಸಾಲಿ ಇತ್ತು, ಲೊಕ್ಕಿಗದ್ಯಾಣ ಅಂತ ಬಂಗಾರದ ನಾಣ್ಯಕ್ಕ ಊರ ಹೆಸರ ಬಂದೈತಿ. ಆ ನಾಣ್ಯ ಕೈಲೇ ಮುದ್ರಿ ಹೊಡದದ್ದು, ಭಾಳಷ್ಟರಾಗ ಮುದ್ರಿ ನೆಟ್ಟಗ ಕುಂತಿರೋದಿಲ್ಲ, ಒಂದು ಮುದ್ರಿ ಇನ್ನೊಂದರ ಮ್ಯಾಲ ಹತ್ತಿರ್ತೈತಿ. ಅಲ್ಲಿ ಆಫ್ ಸೆಂಟರ್ ಅಂತ ಯಾರೂ ಹೆಚ್ಚಿಗಿ ರೊಕ್ಕ ಕೊಡೋದಿಲ್ಲ, ಪೂರ್ತಿ ಮುದ್ರಿ ಬಿದ್ದದ್ದಕ್ಕ ಹೆಚ್ಚಿಗಿ ಕೊಡ್ತಾರ. ಲಕ್ಷಗಟ್ಟಲೆ ಒಂದ ನಮೂನಿ ಬರೋ ಪ್ರೆಸ್ಸಿನ್ಯಾಗ ಒಂದು ತಪ್ಪಿ ಬಂದ್ರ ಮಾತ್ರ ತಪ್ಪಿಗೆ ಬೆಲಿ. ಕಾಕಾಗ ಇದು ಭಾಳ ಸೇರ್ತು, ಆ ದಿನ ಬಂದ ಎಲ್ಲಾರಿಗೂ ಇದನ್ನ ಹೇಳಿದ್ರು.

ಫೋಟೋ ತಗದು, ತೂಕ ಬರದು, ತಿಕ್ಕಿದ್ದು ಅಂತ ಮೊದಲ ಹೇಳಿ ಇಬ್ಬರಿಗೆ ಕಳಿಸಿದೆ. ಒಬ್ಬ ಡೀಲರ್ 1,200 ಅಂದ. ಧಾರವಾಡದ ಒಬ್ರು ಕಲೆಕ್ಟರ್, ಬರೇ ಐದ್ರುಪಾಯಿ ಎರರ್ ಅಷ್ಟ ಕೂಡಸೋರು, 2,200 ಅಂದ್ರು. ತಿಕ್ಕದ ಹಂಗ ಇದ್ದಿದ್ರ ನನ್ನ ಅಂದಾಜಿನ್ಯಾಗ ನಾಕ ಸಾವಿರದ ಆಜೂಬಾಜು ಹೋಗ್ತಿತ್ತು. ಅಷ್ಟ. ಲಕ್ಷದ ಮಾತು ಎಲ್ಲೂ ಇಲ್ಲ.

ಕಾಕಾ ಇದನ್ನ ಕೇಳಿ ಕೇಳಿದ್ದು, "ಹಂಗಾದ್ರ ಅವ ಯಾಕ ಮೂರೂವರೆ ಲಕ್ಷ ಅಂದ?" ಅವನಿಗೆ ನಾಣ್ಯ ಬೇಕಾಗೇ ಇಲ್ಲ ಕಾಕಾ, ನಿಮ್ಮ 1,999 ಬೇಕಾಗಿತ್ತು. ನಾಣ್ಯದ ತೂಕ ಕೇಳಿದ್ನೇನು? ಇಲ್ಲ. ಹಿಂದಿನ ಕಡೆ ಫೋಟೋ ಕೇಳಿದ್ನೇನು? ಅದೂ ಇಲ್ಲ. ಕಳಿಸಿದ ಕಾಗದದ ಮ್ಯಾಲ ರಿಸರ್ವ್ ಬ್ಯಾಂಕಿನ ಮುದ್ರಿ ಇತ್ತು, ನೋಡಿದೆ, ಕಾಗದದಾಗ ಬ್ಯಾಂಕಿನ ಹೆಸರಿನ ಸ್ಪೆಲ್ಲಿಂಗನ ತಪ್ಪಿತ್ತು. ಎರರ್ ಹುಡುಕೋ ಕಣ್ಣು ಅಲ್ಲಿ ಹಚ್ಚಬೇಕಿತ್ತು. 2021ರ ಆಗಸ್ಟ್‌ನಾಗ ರಿಸರ್ವ್ ಬ್ಯಾಂಕ್ ಖುದ್ದ ಪ್ರಕಟಣಿ ಕೊಟ್ಟೈತಿ, ಹಳೇ ನೋಟು-ನಾಣ್ಯ ಕೊಳ್ಳೋ ಮಾರೋ ವ್ಯವಹಾರ ನಾವು ಮಾಡೋದಿಲ್ಲ, ನಮ್ಮ ಹೆಸರಿನ್ಯಾಗ ಫೀ ಕಮಿಷನ್ ಕೇಳಿದ್ರ ಕೊಡಬ್ಯಾಡ್ರಿ ಅಂತ. ಕೊಳ್ಳೋವನು ರೊಕ್ಕ ಕೊಡಬೇಕು, ಕೇಳಬಾರದು, ಇದಕ್ಕ ಐ-ಗ್ಲಾಸ್ ಬೇಕಾಗಿಲ್ಲ. ಅಲ್ಲೇ ಕುಂತು ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ಬರಿಸಿದ್ವಿ. ರೊಕ್ಕ ಹೋಗಿ ಒಂಬತ್ತು ದಿನ ಆಗಿತ್ತು, ಇಲ್ಲೀತನಕ ವಾಪಸ್ ಬಂದಿಲ್ಲ. ನಾವು ಕಂಪ್ಲೇಂಟ್ ಬರಸುವಾಗ್ಲೇ ಆ ಮನುಷ್ಯಾಂದು ಇನ್ನೊಂದು ಫೋನ್ ಬಂತು, ಜಿಎಸ್‌ಟಿ ಡಿಸ್ಕೌಂಟ್ ಆಗೇತಿ, 8,000 ಹಾಕಿದ್ರ ಸಾಕಂತ. ಕಾಕಾ ಬಸ್ಸಿನ್ಯಾಗ ಟಿಕೀಟ್ ಇಲ್ದ ಸಿಕ್ಕವರಿಗೆ ಬೈತಿದ್ದ ದನಿ ನಾ ಭಾಳ ವರ್ಷದ ಮ್ಯಾಲ ಕೇಳಿದೆ.

ಬೈಟ್ ಕಾಯಿನ್ ನಾನ 150 ಕೊಟ್ಟು ತಗೊಂಡೆ. ತಿರುಗಿದ ಹತ್ತು ರೂಪಾಯಿ ಮೊಮ್ಮಗನ ಪಾಲಾತು, ಅವ ಅದನ್ನ ಟಿಕ್ ಟಿಕ್ ಅನಿಸ್ಕೋತ ಓಡಾಡ್ತಾನ. ಲಖಿ ಒಂದು ರಟ್ಟಿನ ಹೋಲ್ಡರಿನ್ಯಾಗ ಹಾಕಿ, ಅಂಚು ಬಿಟ್ಟು ಎಲ್ಲೂ ಮುಟ್ಟಬಾರದು, ಕುಂಕುಮ ಅಲ್ಲೇ ಇರ್ಲಿ, ತೆಗ್ಯಾಕ ಹೋಗಬ್ಯಾಡ್ರಿ ಅಂತ ಹೇಳಿ ಬಂದೆ. ಧಾರವಾಡದವರು ಆ ಕುಂಕುಮದ ಕಥಿ ಕೇಳಿ ಖುಷಿ ಪಟ್ಟು 2,200 ಇದ್ದದ್ದನ್ನ 2,400 ಮಾಡ್ಯಾರ. ಕಾಕಾ 3,000 ಅಂತ ಕುಂತಾರ, 1,999 ತಗದು ನಂಗೊಂದು ಸಾವಿರ ಉಳೀಬೇಕಲ್ಲ ಅಂತಾರ. ಕಾಕು ಲೆಕ್ಕದಾಗ ಅದು ಮಾರೋದ ಬ್ಯಾಡ. ಹೋದ ವಾರ ಕೇಳಿದಾಗ ಇನ್ನೂ ಆರ್ನೂರು ರೂಪಾಯಿ ಮ್ಯಾಲ ಜಗ್ಗಾಟ ನಡದಿತ್ತು, ಹೋಲ್ಡರ್ ದೇವರ ಮನಿ ಮಾಡದಾಗ ಇತ್ತು.